ಕೈಯಲ್ಲಿ 20 ರೂಪಾಯಿ

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಕೆಲವು ವಾರ ಬೆಂಗಳೂರಿನ ನಮ್ಮ ಹನುಮಂತನಗರದಲ್ಲಿ ಬೇರೊಂದು ಭಾಷೆ ಚಾಲ್ತಿಗೆ ಬರುತ್ತದೆ. ಐವತ್ತು ಅಡಿ ರಸ್ತೆಯ ತರಕಾರಿ ಗಾಡಿಯ ಮುಂದೆ, ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ, ಹಾಲಿನ ಬೂತಿನ ಸಾಲಿನಲ್ಲಿ, ಎಲ್ಲಿ ನಿಂತರೂ 'ಪಿಸಿಎಂಬಿ', 'ಸೆಬಾ', 'ಸೀಬಾ', 'ಹೆಬಾ' ಎಂಬ ಸದ್ದು. ಹೊಸದಾಗಿ ಬಾಡಿಗೆಗೆ ಬಂದವರು ಇವನ್ನು ಬೀಜಾಕ್ಷರಗಳೆಂದು ತಿಳಿದುಕೊಂಡರೆ ತಪ್ಪೇನಿಲ್ಲ. ಇವು ಪಿಯುಸಿಯ ಕಾಂಬಿನೇಷನ್‌ಗಳು. ಒಂದು ಮಗುವಿನ ಮುಂದಿನ ನಲವತ್ತು ವರ್ಷಗಳ ಜಾತಕವನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡುವ ವಿದ್ಯೆ ಇದು.

ಇವುಗಳಲ್ಲೂ ಮೇಲು ಕೀಳು ಉಂಟು. ವಿಜ್ಞಾನ ಸಿಕ್ಕಿದ ಮನೆಯವರು ಕೇಳದಿದ್ದರೂ ಹೇಳುತ್ತಾರೆ. ಕಾಮರ್ಸ್ ಸಿಕ್ಕಿದವರು ಕೇಳಿದರೆ ಹೇಳುತ್ತಾರೆ, ಜೊತೆಗೆ "ಸಿಎ ಮಾಡ್ಬೇಕು ಅಂತ ಇದೆ" ಎಂದು ಒಂದು ಬಾಲ ಸೇರಿಸುತ್ತಾರೆ. ಆರ್ಟ್ಸ್ ತೆಗೆದುಕೊಂಡವರ ಮನೆಯಲ್ಲಿ ಆ ತಿಂಗಳು ಯಾರೂ ಫೋನ್ ಎತ್ತುವುದಿಲ್ಲ. ಕೇಳುವವರ ದನಿಯೂ ಹಾಗೆಯೇ ಬದಲಾಗುತ್ತದೆ. "ಯಾಕಮ್ಮಾ, ಸೈನ್ಸ್ ಸಿಗ್ಲಿಲ್ವಾ?" ಎನ್ನುವಾಗ ನಮ್ಮ ಎದುರುಮನೆಯ ಹಿರಿಯರ ಕಂಠದಲ್ಲಿ ಹನ್ನೊಂದನೆಯ ದಿನದ ಗಾಂಭೀರ್ಯ ತುಂಬಿರುತ್ತದೆ.

ನನ್ನ ಅಕ್ಕನ ಮಗಳಿಗೆ ಸಿಕ್ಕಿದ್ದು ಸೆಬಾ. ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ನಾನು ಗಮನಿಸಿದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸೆಬಾ, ಸೀಬಾ, ಹೆಬಾ ಎಂಬ ಕಾಮರ್ಸಿನ ಗುಂಪುಗಳಲ್ಲಿ, ಹೆಪ್ಸ್ ಎಂಬ ಆರ್ಟ್ಸಿನ ಗುಂಪಿನಲ್ಲಿ, ಎಲ್ಲೇ ನೋಡಿದರೂ ಅರ್ಥಶಾಸ್ತ್ರ ಎರಡನೆಯ ಅಕ್ಷರ. ಮೊದಲ ಅಕ್ಷರ ಸ್ಟ್ಯಾಟಿಸ್ಟಿಕ್ಸೋ ಕಂಪ್ಯೂಟರೋ ಇತಿಹಾಸವೋ ಎಂದು ಜನ ಜಗಳವಾಡುತ್ತಾರೆ. ಎರಡನೆಯದರ ಬಗ್ಗೆ ಚರ್ಚೆಯೇ ಇಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಕಾಮರ್ಸಿಗೆ ಬಂದರೂ ಆರ್ಟ್ಸಿಗೆ ಬಂದರೂ ಅರ್ಥಶಾಸ್ತ್ರಕ್ಕೆ ಬರಲೇಬೇಕು. ನನಗೆ ತಿಳಿದಂತೆ ನಮ್ಮ ಬೀದಿಯಲ್ಲಿ ಇದುವರೆಗೆ ಯಾರೂ ಅದನ್ನು ಬೇಕೆಂದು ಆರಿಸಿಕೊಂಡಿಲ್ಲ.

ತಮಾಷೆಯೆಂದರೆ ಅರ್ಥಶಾಸ್ತ್ರದ ಪಠ್ಯಪುಸ್ತಕದ ಮೊದಲ ಅಧ್ಯಾಯವೇ ಆಯ್ಕೆಯ ಬಗ್ಗೆ. ಬಯಕೆ ಅಪಾರ, ಸಾಧನ ಮಿತ, ಆದ್ದರಿಂದ ಮನುಷ್ಯ ಆರಿಸಿಕೊಳ್ಳಬೇಕು. ಲಂಡನ್ನಿನ ಲಯೊನೆಲ್ ರಾಬಿನ್ಸ್ 1932ರಲ್ಲಿ ಹೀಗೆ ಹೇಳಿದ್ದನ್ನು ನಮ್ಮ ಹುಡುಗಿಯರು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಹದಿನಾರು ವರ್ಷದ ಅಕ್ಕನ ಮಗಳು ಸೆಬಾ ಆರಿಸಿಕೊಂಡ ದಿನ ಸಭೆಯಲ್ಲಿ ಇದ್ದವರು ಅವಳಪ್ಪ, ಚಿಕ್ಕಪ್ಪ, ಮೂರನೇ ಕ್ರಾಸಿನ ಆಡಿಟರು ಮತ್ತು ವಿಡಿಯೊ ಕರೆಯಲ್ಲಿ ಅಮೆರಿಕದ ದೊಡ್ಡಪ್ಪ. ಅವಳು ಅಡಿಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತು ಅವಲಕ್ಕಿ ತಿನ್ನುತ್ತಿದ್ದಳು. ಠರಾವು ಪಾಸಾದ ಮೇಲೆ ಕರೆದು ತಿಳಿಸಿದರು. ಆಯ್ಕೆಯ ಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಇನ್ನೊಂದಿರಲಾರದು.

ನಾನು ಅರ್ಥಶಾಸ್ತ್ರ ಓದಿದವನಲ್ಲ. ನಮ್ಮ ಕಾಲದ ಸಭೆ ನನ್ನನ್ನು ವಿಜ್ಞಾನಕ್ಕೆ ಕಳಿಸಿತ್ತು. ನಿವೃತ್ತನಾದ ಮೇಲೆ ಒಂದು ಸಂಜೆ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ ಹತ್ತಿ ಇಳಿದು, ಅಕ್ಕನ ಮನೆಯಲ್ಲಿ ಕಾಫಿ ಕುಡಿಯುವಾಗ ಟೀಪಾಯಿಯ ಮೇಲಿದ್ದ ಪುಸ್ತಕ ಕೈಗೆ ಸಿಕ್ಕಿತು. ತೆರೆದರೆ ಬಾಳೆಹಣ್ಣು ಮತ್ತು ಮಾವಿನಹಣ್ಣು. ಪುಟ ತಿರುಗಿಸಿದರೆ ಮತ್ತೂ ಅವೇ. ಅರ್ಥಶಾಸ್ತ್ರವೆಂದರೆ ಬ್ಯಾಂಕು, ಬಜೆಟ್ಟು, ಬಡತನ ಎಂದುಕೊಂಡಿದ್ದವನಿಗೆ ಅದು ಹಣ್ಣಿನಂಗಡಿಯಿಂದ ಶುರುವಾಗುತ್ತದೆಂದು ಗೊತ್ತಿರಲಿಲ್ಲ.

ಆ ಪುಸ್ತಕದಲ್ಲಿ ಒಬ್ಬ ಅನುಭೋಗಿ ಇದ್ದಾನೆ. ಹೆಸರಿಲ್ಲ, ಮನೆಯಿಲ್ಲ, ಮಡದಿಯಿಲ್ಲ. ಕೈಯಲ್ಲಿ 20 ರೂಪಾಯಿ ಇದೆ. ಎರಡು ಸರಕುಗಳು, ಬೆಲೆ ಒಂದಕ್ಕೆ 4 ರೂಪಾಯಿ, ಇನ್ನೊಂದಕ್ಕೆ 5. ಎಲ್ಲ ಹಣವನ್ನೂ ಮೊದಲನೆಯದಕ್ಕೆ ಸುರಿದರೆ ಎಷ್ಟು ಬರುತ್ತದೆ? ಐದು. ಎರಡನೆಯದಕ್ಕೆ ಸುರಿದರೆ? ನಾಲ್ಕು. ಈ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಅದೇ ಆಯವ್ಯಯ ರೇಖೆ. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಐದು ಅಂಕಕ್ಕೆ ಇದು ಎಷ್ಟೋ ಸಲ ಬಂದಿದೆ. ಗಾಂಧಿ ಬಜಾರಿನಲ್ಲಿ 20 ರೂಪಾಯಿ ಹಿಡಿದು ಮಾವಿನಹಣ್ಣಿನ ಗಾಡಿಯ ಮುಂದೆ ನಿಂತರೆ ಅವನು ಏನನ್ನುತ್ತಾನೆ ಎಂಬುದಕ್ಕೆ ಮಾತ್ರ ಅಂಕವಿಲ್ಲ.

ನನ್ನ ತಕರಾರು ಬೆಲೆಯ ಬಗ್ಗೆಯಲ್ಲ. ಆ ಅನುಭೋಗಿ ತನಗಾಗಿ ಕೊಳ್ಳುತ್ತಾನಲ್ಲ, ಅದು. ಹನುಮಂತನಗರದಲ್ಲಿ ಬಾಳೆಹಣ್ಣನ್ನು ಯಾರು ತನಗಾಗಿ ಕೊಳ್ಳುತ್ತಾರೆ? ದೇವರ ಮುಂದೆ ಎರಡು, ತಾಂಬೂಲಕ್ಕೆ ಎರಡು, ಶನಿವಾರ ರಾಮಾಂಜನೇಯನಿಗೆ ಒಂದು ಚಿಪ್ಪು, ಮಾವನವರ ಹೊಟ್ಟೆಗೆ ರಾತ್ರಿ ಒಂದು. ಕೊಂಡವರ ಪಾಲಿಗೆ ಉಳಿಯುವುದು ಕಪ್ಪು ತಿರುಗಿದ ಕೊನೆಯ ಹಣ್ಣು. ಅದನ್ನು ತಿನ್ನುವಾಗ ಅವರ ಮುಖದಲ್ಲಿ ಕಾಣುವ ತುಷ್ಟಿಗುಣ ಯಾವ ರೇಖೆಯ ಮೇಲೆ ಬರುತ್ತದೋ ಕಾಣೆ. "ಆ ಅನುಭೋಗಿಗೆ ಮನೆಯಲ್ಲಿ ಯಾರೂ ಇಲ್ವೇನೆ?" ಎಂದು ನಾನು ಕೇಳಿದ್ದಕ್ಕೆ ಸೋದರಸೊಸೆ, "ಇದ್ರೆ ಗೆರೆ ಎಳೆಯೋಕಾಗಲ್ಲ ಮಾವ" ಎಂದಳು. ಒಳ್ಳೆಯ ಉತ್ತರ.

ಗೆರೆಗಳ ವಿಷಯದಲ್ಲಿ ನಮ್ಮ ಬಡಾವಣೆಯ ಮಕ್ಕಳಿಗೆ ಒಂದು ಅನುಕೂಲವಿದೆ. ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ, ಪೂರೈಕೆಯ ರೇಖೆ ಏರುತ್ತದೆ ಎಂದು ಬೇರೆ ಕಡೆ ಬೋರ್ಡಿನ ಮೇಲೆ ತೋರಿಸಬೇಕು. ಇಲ್ಲಿ ಮನೆಯಿಂದ ಕಾಲೇಜಿಗೆ ಹೋಗುವುದು ಒಂದು ರೇಖೆ, ಬರುವುದು ಇನ್ನೊಂದು. ಬುಲ್ ಟೆಂಪಲ್ ರಸ್ತೆಯ ಕಡೆಯಿಂದ ಗುಡ್ಡದ ಬೀದಿಗಳಲ್ಲಿ ಸೈಕಲ್ ತಳ್ಳಿಕೊಂಡು ಏರಿದ ಯಾರಿಗೂ ಇಳಿಜಾರು ಎಂದರೇನು ಎಂಬ ಎರಡು ಅಂಕದ ಪ್ರಶ್ನೆ ಕಷ್ಟವಾಗಬಾರದು.

ಕಷ್ಟವಾಗುವುದು ಬೇರೆಡೆ. ಅದು ನನಗೂ ತಿಳಿಯಲು ಬಹಳ ಹೊತ್ತು ಹಿಡಿಯಿತು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಬೆಲೆ ಏರಿದರೆ ಕೊಳ್ಳುವ ಪ್ರಮಾಣ ಇಳಿಯುತ್ತದೆ, ಇದು ಬೇಡಿಕೆಯ ನಿಯಮ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನನ್ನ ಅಕ್ಕ ಗಾಂಧಿ ಬಜಾರಿನಿಂದ ಬಂದು ಚೀಲ ಕುಕ್ಕಿದವಳೇ, "ನಿನ್ನ ಪುಸ್ತಕ ಸುಳ್ಳು ಕಣೆ" ಎಂದಳು. "ಕನಕಾಂಬರ ಮುಟ್ಟಿದ್ರೆ ಕೈ ಸುಡತ್ತೆ. ಹೋದ ವಾರದ ಬೆಲೆಯ ಎಷ್ಟೋ ಪಟ್ಟು. ಆದ್ರೂ ಕೊಳ್ಳೋರು ಹೋದ ವಾರಕ್ಕಿಂತ ಹತ್ತು ಪಟ್ಟು. ನಾನೂ ನಾಲ್ಕು ಮೊಳ ಜಾಸ್ತಿನೇ ತಂದೆ. ಎಲ್ಲಿ ಹೋಯ್ತು ನಿಯಮ?"

ಮಗಳು ಎದ್ದು ಹೋಗಿ ರಂಗೋಲಿ ಡಬ್ಬಿ ತಂದಳು. ನಡುಮನೆಯ ನೆಲದ ಮೇಲೆ ಒಂದು ಇಳಿಜಾರು ಗೆರೆ ಎಳೆದಳು. ಹೂವಿನ ಬೆಲೆ ಮಾತ್ರ ಬದಲಾಗಿ ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ ನಾವು ಈ ಗೆರೆಯ ಮೇಲೆಯೇ ಹತ್ತಿ ಇಳಿಯುತ್ತೇವೆ. ಆದರೆ ಹಬ್ಬ ಬಂತೆಂದರೆ ಉಳಿದದ್ದು ಇದ್ದ ಹಾಗೆ ಇರುವುದಿಲ್ಲ. ಆಗ ಗೆರೆಯೇ ಎದ್ದು ಬಲಕ್ಕೆ ಹೋಗುತ್ತದೆ ಎನ್ನುತ್ತಾ ಸಮಾನಾಂತರವಾಗಿ ಇನ್ನೊಂದು ಗೆರೆ ಎಳೆದಳು. ಬೆಲೆ ಏರಿದ್ದರಿಂದ ನೀನು ಹೆಚ್ಚು ಕೊಂಡಿದ್ದಲ್ಲ ಅಮ್ಮಾ, ನಿನ್ನಂಥವರೆಲ್ಲ ಹೆಚ್ಚು ಕೊಳ್ಳಲು ಹೊರಟಿದ್ದರಿಂದ ಬೆಲೆ ಏರಿದ್ದು. ಇದೇ ಹಬ್ಬಕ್ಕೆ ಹೂವು ಇನ್ನೂ ದುಬಾರಿಯಾಗಿದ್ದಿದ್ದರೆ ನೀನು ಎರಡು ಮೊಳ ಕಡಿಮೆ ತರುತ್ತಿದ್ದೆ.

ಅಕ್ಕ ಎರಡೂ ಗೆರೆಗಳನ್ನು ನೋಡಿದಳು. "ಹಬ್ಬದ ಹೊತ್ತಿಗೆ ಬರೀ ಗೆರೆ ಬಿಡಬಾರದು, ತುದಿಗೊಂದು ಹೂವು ಬಿಡಿಸು" ಎಂದು ಒಳಗೆ ಹೋದಳು. ರೇಖೆಯ ಮೇಲೆ ನಡೆಯುವುದಕ್ಕೂ ರೇಖೆಯೇ ಪಲ್ಲಟವಾಗುವುದಕ್ಕೂ ಇರುವ ಈ ವ್ಯತ್ಯಾಸವನ್ನು ಟಿವಿಯಲ್ಲಿ ಅರಚುವ ದೊಡ್ಡವರಿಗೆ ಯಾರಾದರೂ ರಂಗೋಲಿಯಲ್ಲಿ ತೋರಿಸಿದ್ದರೆ ಈರುಳ್ಳಿಯ ಬೆಲೆಯ ಬಗ್ಗೆ ನಾವು ಕೇಳಬೇಕಾದ ಮಾತುಗಳಲ್ಲಿ ಅರ್ಧ ತಪ್ಪುತ್ತಿತ್ತು.

ಮುಂದೆ ಸಮತೋಲನ ಬೆಲೆ ಬಂತು. ಬೇಡಿಕೆ ಪೂರೈಕೆಯನ್ನು ಮೀರಿದರೆ ಬೆಲೆ ಏರುತ್ತದೆ, ಎರಡೂ ಸಮವಾಗುವ ತನಕ ಏರುತ್ತಲೇ ಹೋಗುತ್ತದೆ. ಹಾಗಾದರೆ 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಬೆಳಿಗ್ಗೆ ಆ ಸಾಲು ಯಾಕೆ? ಸಾಲು ಕರಗುವ ತನಕ ದೋಸೆಯ ಬೆಲೆ ಏರಿಸಿಬಿಟ್ಟರೆ ಪುಸ್ತಕದಂತೆ ಎಲ್ಲವೂ ಸರಿಹೋಗಬೇಕು. ಇದಕ್ಕೆ ನನ್ನದೊಂದು ಸಿದ್ಧಾಂತವಿದೆ. ದೋಸೆಗೆ ಎರಡು ಬೆಲೆ. ಒಂದನ್ನು ಹಣದಲ್ಲಿ ಕೊಡುತ್ತೇವೆ, ಇನ್ನೊಂದನ್ನು ಹೊತ್ತಿನಲ್ಲಿ. ಗಂಟೆಗೆ ಸಾವಿರಾರು ರೂಪಾಯಿ ದುಡಿಯುವ ಸಾಫ್ಟ್‌ವೇರಿನವನಿಗೆ ಆ ಮುಕ್ಕಾಲು ಗಂಟೆ ದುಬಾರಿ. ನನ್ನಂಥ ಪಿಂಚಣಿದಾರನಿಗೆ ಬಿಟ್ಟಿ. ಅವಕಾಶ ವೆಚ್ಚ ಎಂದು ಪುಸ್ತಕ ಕರೆಯುವುದು ಇದನ್ನೇ. ಒಂದನ್ನು ಮಾಡಲು ಬಿಟ್ಟುಕೊಟ್ಟ ಇನ್ನೊಂದು. ನಾನು ಬಿಟ್ಟುಕೊಡುವುದು ದಿನಪತ್ರಿಕೆಯನ್ನು ಎರಡನೆಯ ಸಲ ಓದುವುದನ್ನು ಅಷ್ಟೆ. ಆದ್ದರಿಂದಲೇ ಆ ಸಾಲಿನಲ್ಲಿ ತಲೆ ನರೆತವರೂ ಊರು ನೋಡಲು ಬಂದವರೂ ಹೆಚ್ಚು. ಸೊಸೆ ಇದನ್ನು ಒಪ್ಪಿದಳು, ಪರೀಕ್ಷೆಯಲ್ಲಿ ಬರೆಯಲಾರೆ ಎಂದಳು.

ತಿಂಡಿಯ ಮಾತು ಬಂದರೆ ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಅರ್ಥಶಾಸ್ತ್ರದ ಅರ್ಧ ಪಠ್ಯವನ್ನು ಹೋಟೆಲುಗಳಲ್ಲೇ ಮುಗಿಸಬಹುದು. ಬದಲಿ ಸರಕು ಎಂದರೇನು? ಕಾಫಿ, ಟೀ ಎನ್ನುತ್ತದೆ ಪುಸ್ತಕ. ಲಾಲ್‌ಬಾಗಿನ ಬಳಿಯ ಎಂಟಿಆರ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಅಕ್ಕಿಯ ಅಭಾವವಾದಾಗ ರವೆಯಲ್ಲಿ ಇಡ್ಲಿ ಮಾಡಿನೋಡಿದರಂತೆ. ಬದಲಿಯಾಗಿ ಬಂದದ್ದು ಅಕ್ಕಿ ವಾಪಸು ಬಂದ ಮೇಲೂ ಎದ್ದು ಹೋಗಲಿಲ್ಲ. ಪಠ್ಯದಲ್ಲಿ ಬೆಲೆ ಮಿತಿ ಎಂಬ ಪಾಠವೂ ಇದೆ. ಸಮತೋಲನ ಬೆಲೆಗಿಂತ ಕೆಳಗೆ ಸರ್ಕಾರ ಬೆಲೆ ಕಟ್ಟಿದರೆ ಪೂರೈಕೆ ಕುಗ್ಗುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಹೋಟೆಲಿನ ತಿಂಡಿಗೆ ಹಾಗೆ ಬೆಲೆ ಕಟ್ಟಿದಾಗ, ಆ ದುಡ್ಡಿಗೆ ತಮ್ಮ ಗುಣಮಟ್ಟ ಸಾಧ್ಯವಿಲ್ಲವೆಂದು ಎಂಟಿಆರ್ ಹೋಟೆಲನ್ನು ಮುಚ್ಚಿತು. ಪೊಟ್ಟಣದಲ್ಲಿ ರವೆ ಇಡ್ಲಿ ಮಿಶ್ರಣ, ಪುಡಿಗಳನ್ನು ಮಾರುವ ದಾರಿ ಹಿಡಿಯಿತು. ಹೋಟೆಲು ಮುಂದೆ ಮತ್ತೆ ತೆರೆಯಿತು, ಅದು ಮನೆತನದವರ ಕೈಯಲ್ಲೇ ಉಳಿಯಿತು. ಪೊಟ್ಟಣದ ಕಂಪನಿ ಮಾತ್ರ ಬೆಳೆದೂ ಬೆಳೆದೂ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಎಂಬ ಸಂಸ್ಥೆಯ ಪಾಲಾಯಿತು. ದೆಹಲಿಯಲ್ಲಿ ಕೂತು ಇಡ್ಲಿಗೆ ಅಂಕೆ ಹಾಕಿದರೆ ಅದು ಹಿಮ ಬೀಳುವ ನಾಡಿನ ತನಕ ಹೋಗಿ ನಿಲ್ಲುತ್ತದೆಂದು ಯಾವ ರೇಖಾಚಿತ್ರ ತೋರಿಸೀತು?

ಇನ್ನು ಅರ್ಥಶಾಸ್ತ್ರದ ಮೇಲೆ ನಮ್ಮವರಿಗಿರುವ ತಾತ್ಸಾರ. ಇಲ್ಲಿನ ಮನೆಗಳಲ್ಲಿ ಇಂಜಿನಿಯರಿಂಗ್ ಎಂದರೆ ವಿಶ್ವೇಶ್ವರಯ್ಯ, ವಿಶ್ವೇಶ್ವರಯ್ಯ ಎಂದರೆ ಇಂಜಿನಿಯರಿಂಗ್. ಆ ಮಹಾನುಭಾವರು 1934ರಲ್ಲಿ ಬರೆದದ್ದು 'ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ', ದೇಶಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ವಾದಿಸುವ ಪುಸ್ತಕ. ಪಂಚವಾರ್ಷಿಕ ಯೋಜನೆಗಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ. ಇದನ್ನು ನಾನು ಅಮೆರಿಕದ ದೊಡ್ಡಪ್ಪನಿಗೆ ವಿಡಿಯೊದಲ್ಲಿ ಹೇಳಿದಾಗ ಅವರು, "ಅದು ರಿಟೈರ್ ಆದ್ಮೇಲೆ ಬರೆದಿದ್ದು" ಎಂದರು. ಅಂಬೇಡ್ಕರ್ ಅವರು ರೂಪಾಯಿಯ ಸಮಸ್ಯೆಯ ಮೇಲೆ 1923ರಲ್ಲಿ ಗ್ರಂಥ ಪ್ರಕಟಿಸಿದ ಅರ್ಥಶಾಸ್ತ್ರಜ್ಞರೆಂದು ಹೇಳಿದೆ. ಅವರ ಹೆಸರಿನ ಅರ್ಥಶಾಸ್ತ್ರದ ಶಾಲೆಯೇ 2017ರಿಂದ ಜ್ಞಾನಭಾರತಿಯ ಆವರಣದಲ್ಲಿದೆ ಎಂದೂ ಸೇರಿಸಿದೆ. ಆ ಕಡೆ ಸಿಗ್ನಲ್ ಹೋಯಿತು.

ಅದೇ ದಿಕ್ಕಿನಲ್ಲಿ, ನಾಗರಭಾವಿಯಲ್ಲಿ, ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ ಇದೆ. ಕೇಂಬ್ರಿಜ್‌ನಲ್ಲಿ ಓದಿ, 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿ, ಬಳ್ಳಾರಿಯಿಂದ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯಾಗಿದ್ದವರು. ಸಂಸ್ಥೆ ಶುರುವಾದದ್ದು 1972ರಲ್ಲಿ. ಅದೇ ವರ್ಷ ನಮ್ಮ ಹನುಮಂತನಗರದ ಬಾಡಿಗೆಯ ವ್ಯಾಯಾಮಶಾಲೆಯೊಂದರಲ್ಲಿ 40 ವಿದ್ಯಾರ್ಥಿಗಳೊಂದಿಗೆ ಪಿಇಎಸ್ ಶಿಕ್ಷಣ ಸಂಸ್ಥೆ ಶುರುವಾಯಿತು. ಅದು ಈಗ ವಿಶ್ವವಿದ್ಯಾಲಯ. ಗರಡಿಮನೆ ಕಾಲೇಜಾದದ್ದು ಸುಮ್ಮನೆ ಅಲ್ಲ, ಆಗಿನ ಬೇಡಿಕೆ ಅಂಥದ್ದು. ಸೀಟಿಲ್ಲದ ಮಕ್ಕಳು ತಂದೆತಾಯಿಯರ ಜೊತೆ ಬಸವನಗುಡಿಯ ಕಾಲೇಜುಗಳ ಬಾಗಿಲಲ್ಲಿ ಕಾಯುತ್ತಿದ್ದ ಕಾಲವನ್ನು ನಾನು ಬಲ್ಲೆ. ಈಗ ಪೂರೈಕೆಯ ರೇಖೆ ಎಷ್ಟು ಬಲಕ್ಕೆ ಸರಿದಿದೆಯೆಂದರೆ, ಮೇ ತಿಂಗಳಲ್ಲಿ ಕಾಲೇಜುಗಳೇ ನಮ್ಮ ಗೇಟಿಗೆ ಬಂದು ಕರಪತ್ರ ಸಿಕ್ಕಿಸಿ ಹೋಗುತ್ತವೆ.

ಪರೀಕ್ಷೆಯ ಪೂರೈಕೆಯೂ ಹೆಚ್ಚಿತು. 2024ರಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಒಂದರಲ್ಲಿ ಎಡವಿದರೆ ಇನ್ನೆರಡು ಇದ್ದವು. ಮಕ್ಕಳಿಗೆ ಒಳ್ಳೆಯದೇ. ಆದರೆ ಮನೆ ಮಂದಿಯೆಲ್ಲ ಉಸಿರು ಬಿಗಿಹಿಡಿದು ಟಿವಿ ಆರಿಸಿ ಕೂರುತ್ತಿದ್ದ ಆ ಒಂದೇ ಪರೀಕ್ಷೆಯ ಭಯಭಕ್ತಿ ಎರಡನೆಯದಕ್ಕಿರಲಿಲ್ಲ, ಮೂರನೆಯದರ ದಿನ ಯಾರಿಗೂ ನೆನಪಿರುತ್ತಿರಲಿಲ್ಲ. ಮತ್ತೆ ಮತ್ತೆ ಸಿಕ್ಕಿದಂತೆ ತೃಪ್ತಿ ಕುಗ್ಗುತ್ತದೆಂಬ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮಕ್ಕೆ ಇನ್ನು ಕಿತ್ತಳೆಹಣ್ಣಿನ ಉದಾಹರಣೆ ಬೇಕಿಲ್ಲ.

ಪರೀಕ್ಷೆಗೆ ಓದುವ ದಿನಗಳಲ್ಲಿ ಬೆಳಗಿನ ಜಾವ ಅಕ್ಕನ ಮನೆಯಿಂದ ಒಂದು ಪಾರಾಯಣ ಕೇಳಿಬರುತ್ತಿತ್ತು. ಜಪಾನ್ ಯೆನ್, ಚೀನಾ ಯುವಾನ್, ರಷ್ಯಾ ರೂಬಲ್, ಬಾಂಗ್ಲಾದೇಶ ಟಾಕಾ, ಅರ್ಜೆಂಟೀನಾ ಪೆಸೊ. ದೇಶಗಳ ನಾಣ್ಯಗಳನ್ನು ಹೆಸರಿಸುವುದು ಐದು ಅಂಕದ ಇನ್ನೊಂದು ಖಾಯಂ ಗಿರಾಕಿ. ಅಜ್ಜಿ ದೇವರಮನೆಯಲ್ಲಿ ಕೂತು ಕೇಳಿಸಿಕೊಂಡು, "ಡಾಲರ್ ಬಿಟ್ಟೆ ಕಣೆ" ಎಂದು ತಿದ್ದುತ್ತಿದ್ದರು. ಒಂದು ಇಡೀ ವರ್ಷದ ಪಾಠದಲ್ಲಿ ಮನೆಯ ಎಲ್ಲರಿಗೂ ಏಕಕಾಲಕ್ಕೆ ಅರ್ಥವಾದ ಪದ ಅದೊಂದೇ. ಈ ನೆಲದ ಅರ್ಥಶಾಸ್ತ್ರದ ಬಗ್ಗೆ ಇಷ್ಟೆಲ್ಲ ಕೇಳಬಹುದಾದ ಪ್ರಶ್ನೆಪತ್ರಿಕೆ ಪೆಸೊಗೆ ಅಂಕ ಕೊಡುವುದು ನನಗೆ ಇಂದಿಗೂ ಸರಿಕಾಣದು. ನೋಟು ಅಮಾನ್ಯವಾದ 2016ರ ನವೆಂಬರಿನಲ್ಲಿ ಇದೇ ಅಜ್ಜಿ ಸಾಸಿವೆ ಡಬ್ಬಿಯಿಂದ ತೆಗೆದ ಐನೂರರ ನೋಟುಗಳನ್ನು ನೆನೆದರೆ, ಹಣದ ಅಧ್ಯಾಯವನ್ನು ಅಲ್ಲಿಂದಲೇ ಆರಂಭಿಸಬಹುದಿತ್ತು.

ಈಗ ಆಂತರಿಕ ಮೌಲ್ಯಮಾಪನಕ್ಕೂ 20 ಅಂಕ ಬಂದಿದೆ, ಅದಕ್ಕೊಂದು ಪ್ರಾಜೆಕ್ಟ್ ಮಾಡಬೇಕು. ಗೆಳತಿಯರೆಲ್ಲ ಅಂತರ್ಜಾಲದಿಂದ ಜಿಎಸ್‌ಟಿ ಇಳಿಸಿಕೊಂಡರು. ಇವಳು ಮಾತ್ರ ಯಾವ ಸಭೆಯ ಒಪ್ಪಿಗೆಯೂ ಇಲ್ಲದೆ ಒಂದು ವಿಷಯ ಆರಿಸಿಕೊಂಡಳು. ಕಾರ್ತೀಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುವ ಕಡಲೆಕಾಯಿ ಪರಿಷೆ. ಪರಿಪೂರ್ಣ ಪೈಪೋಟಿಯ ಮಾರುಕಟ್ಟೆಗೆ ಪುಸ್ತಕ ಹೇಳುವ ಲಕ್ಷಣಗಳೆಲ್ಲ ಅಲ್ಲಿವೆ ಎಂಬುದು ಅವಳ ವಾದ. ಅಸಂಖ್ಯ ಮಾರಾಟಗಾರರು, ಅಸಂಖ್ಯ ಕೊಳ್ಳುವವರು, ಒಂದೇ ಸರಕು, ಯಾರು ಬೇಕಾದರೂ ಬಂದು ಗೋಣಿ ಬಿಚ್ಚಬಹುದು. ಅಂಥ ಕಡೆ ಯಾವ ಒಬ್ಬನೂ ಬೆಲೆ ಕಟ್ಟಲಾರ, ಸಂತೆಯ ಬೆಲೆಯನ್ನು ತಲೆಬಾಗಿ ಒಪ್ಪಬೇಕು.

ನಾವಿಬ್ಬರೂ ನೋಟ್‌ಬುಕ್ ಹಿಡಿದು ಹೋದೆವು. ರಾಮಕೃಷ್ಣ ಆಶ್ರಮದ ಕಡೆಯಿಂದ ಗುಡಿಯ ತನಕ ಕೇಳುತ್ತಾ ಹೋದಂತೆ ಅವಳ ಮುಖ ಅರಳಿತು. ಒಂದು ಸಾಲಿನಲ್ಲಿ ಎಲ್ಲರೂ ಸೇರಿಗೆ ಒಂದೇ ಬೆಲೆ ಹೇಳುತ್ತಿದ್ದರು. ಪುಸ್ತಕ ಗೆದ್ದಿತ್ತು. ಆದರೆ ಕೊಳ್ಳುವವರು ಎಲ್ಲರ ಹತ್ತಿರವೂ ಸಮನಾಗಿ ಇರಲಿಲ್ಲ. ಒಬ್ಬಾಕೆಯ ಮುಂದೆ ನೂಕುನುಗ್ಗಲು, ಪಕ್ಕದವನು ನೊಣ ಓಡಿಸುತ್ತಿದ್ದ. ಸ್ವಲ್ಪ ಹೊತ್ತು ನಿಂತು ನೋಡಿದ ಮೇಲೆ ಗುಟ್ಟು ತಿಳಿಯಿತು. ಅವನು ಸೇರಿನ ಬಾಯಿಗೆ ಸಮನಾಗಿ ಸವರುತ್ತಿದ್ದ. ಆಕೆ ಸೇರಿನ ಮೇಲೆ ಕಾಯಿಗಳ ಗೋಪುರ ಕಟ್ಟಿ, ಅದು ಜಾರುವ ಮೊದಲು ಚೀಲಕ್ಕೆ ಸುರಿದು, ಮೇಲೊಂದು ಹಿಡಿ ಕೊಸರು ಹಾಕುತ್ತಿದ್ದಳು. ಬೆಲೆಯಲ್ಲಿ ಪೈಪೋಟಿ ಮಾಡಲು ಜಾಗವಿಲ್ಲದ ಕಡೆ ಗೋಪುರದಲ್ಲಿ ಪೈಪೋಟಿ ನಡೆಯುತ್ತದೆ. ಅಂದರೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಬೆಲೆ, ಮಾರುತ್ತಿದ್ದದ್ದು ಮಾತ್ರ ಒಂದೇ ಬೆಲೆಗಲ್ಲ.

ಇದನ್ನು ಸಾಬೀತು ಮಾಡಬೇಕೆಂದು ಅವಳು ಬೇರೆ ಬೇರೆ ಗಾಡಿಗಳಿಂದ ಒಂದೊಂದು ಸೇರು ಕೊಂಡು, ಪೊಟ್ಟಣಗಳ ಮೇಲೆ ಗುರುತು ಹಾಕಿ, ಕಾಯಿ ಎಣಿಸಿ ಕೋಷ್ಟಕ ಮಾಡಲು ಮನೆಗೆ ತಂದಳು. ಕೈಕಾಲು ತೊಳೆದು ಬರುವಷ್ಟರಲ್ಲಿ ಅಜ್ಜಿ ಅಷ್ಟನ್ನೂ ಒಟ್ಟಿಗೆ ಕುಕ್ಕರಿಗೆ ಸುರಿದು ಉಪ್ಪು ಹಾಕಿಯಾಗಿತ್ತು.

ವರದಿಯಲ್ಲಿ 'ಅಧ್ಯಯನದ ಮಿತಿಗಳು' ಎಂಬ ತಲೆಬರಹದ ಕೆಳಗೆ ಅವಳು, ಸಂಗ್ರಹಿಸಿದ ದತ್ತಾಂಶವನ್ನು ವಿಶ್ಲೇಷಣೆಗೆ ಮುನ್ನವೇ ಮನೆಯ ಸದಸ್ಯರು ಬೇಯಿಸಿ ತಿಂದಿರುತ್ತಾರೆ ಎಂದು ನಿಜವನ್ನೇ ಬರೆದಳು. ಪ್ರಾಜೆಕ್ಟ್ ವಾಪಸು ಬಂದಾಗ ಗೋಪುರದ ವಿಷಯ ಬರೆದ ಪುಟದ ಅಂಚಿನಲ್ಲಿ ಉಪನ್ಯಾಸಕಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಕೇಳಿದ್ದರು: "ಆಕೆ ಗುಡಿಯಿಂದ ಎಷ್ಟನೆಯ ಗಾಡಿ? ಎಡಕ್ಕೋ ಬಲಕ್ಕೋ?"